ಅಣ್ಣನ ಗಾಳಿ ನನ್ನ ಮೂಗಿಗೆ

ನಮ್ಮ ಮನೆಗೆ ಹೊಸದಾಗಿ ಏನೇ ಬರಲಿ, ಅದು ಮೊದಲು ಅಣ್ಣನ ಮುಂದೆ ಹೋಗಬೇಕು. ಹೊಸ ಜೋಳದ ಮೊದಲ ರೊಟ್ಟಿ ಅವನ ತಾಟಿಗೆ. ಹೊಸ ಕುಕ್ಕರಿನ ಮೊದಲ ಅನ್ನ ಅವನಿಗೆ. ನನಗೆಂದೇ ತಂದ ಸೈಕಲ್ಲನ್ನು ಅವನು ಬಜಾರದ ತುಂಬ ಓಡಿಸಿ, ಬ್ರೇಕು ಸರಿ ಇದೆ ಎಂದು ಅಪ್ಪಣೆ ಕೊಟ್ಟ ಮೇಲೆಯೇ ನಾನು ಹತ್ತಿದ್ದು. ನನ್ನ ಮದುವೆಯ ಕೋಟನ್ನೂ ಮೊದಲು ತೊಟ್ಟವನು ಅವನೇ. ಕನ್ನಡಿಯ ಮುಂದೆ ಅತ್ತ ಇತ್ತ ತಿರುಗಿ ನೋಡಿಕೊಂಡು, ಇದು ನಿನಗೆ ಸಡಿಲಾಗುತ್ತದೆ ಎಂದು ತೀರ್ಪು ಕೊಟ್ಟ. ಅವನ ಹೊಟ್ಟೆಗೆ ಹಿಗ್ಗಿದ ಕೋಟು ನನಗೆ ಸಡಿಲಾಗದೆ ಇನ್ನೇನಾದೀತು! ಇದನ್ನು ನಮ್ಮ ಮನೆತನದಲ್ಲಿ ಹಿರಿಯರಿಗೆ ಕೊಡುವ ಮರ್ಯಾದೆ ಅನ್ನುತ್ತಾರೆ. ನಾನು ಏನನ್ನುತ್ತೇನೆ ಎಂಬುದನ್ನು ಇಷ್ಟು ವರ್ಷ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೆ.

ನಾವು ಅಣ್ಣತಮ್ಮಂದಿರು ಗಜೇಂದ್ರಗಡದ ಬಜಾರದಲ್ಲಿ ಸೀರೆ ಅಂಗಡಿ ನಡೆಸುತ್ತೇವೆ. ಮಗ್ಗದವರಿಂದ ಸೀರೆ ಕೊಂಡು, ಅಂಗಡಿಯಲ್ಲಿ ಮಾರಿ, ಉಳಿದದ್ದನ್ನು ರೋಣ, ನರಗುಂದದ ಅಂಗಡಿಗಳಿಗೆ ಮುಟ್ಟಿಸುತ್ತೇವೆ. ಗಾದಿಯ ಮೇಲೆ ಲೋಡಿಗೆ ಒರಗಿ ಕೂಡುವ ಕಷ್ಟದ ಕೆಲಸ ಅಣ್ಣನದು. ವ್ಯಾನಿನಲ್ಲಿ ಗಂಟು ತುಂಬಿಕೊಂಡು ಊರೂರು ತಿರುಗುವ ಸುಖ ನನ್ನದು. ಹಾಸ್ಯಕ್ಕೆ ಹೇಳುತ್ತಿಲ್ಲ, ನನಗದು ಸುಖವೇ ಆಗಿತ್ತು. ವ್ಯಾನಿನೊಳಗೆ ಅಣ್ಣನಿರುತ್ತಿರಲಿಲ್ಲ. ಎಲ್ಲಿ ಚಹಾ ಕುಡಿಯಬೇಕು, ಯಾರ ಜೋಡಿ ಎಷ್ಟು ಹೊತ್ತು ಹರಟೆ ಹೊಡೆಯಬೇಕು ಅನ್ನುವುದನ್ನೆಲ್ಲ ನಾನೇ ಮೊದಲು, ನಾನೇ ಕೊನೆಗೆ ನಿರ್ಧರಿಸುತ್ತಿದ್ದೆ.

ಇಬ್ಬರಿಗೂ ಗೊರಕೆಯಿತ್ತು. ನಮ್ಮ ಬಜಾರದಲ್ಲಿ ಗೊರಕೆ ರೋಗವಲ್ಲ, ಅಂತಸ್ತು. ಮಧ್ಯಾಹ್ನ ಉಂಡು ಗಾದಿಯ ಮೇಲೆ ಅಣ್ಣ ಗೊರಕೆ ಹೊಡೆಯುತ್ತಿದ್ದರೆ, ಎದುರಿನ ಕಿರಾಣಿ ಅಂಗಡಿಯವರು ಸಾಹುಕಾರರು ನಿಶ್ಚಿಂತೆಯ ಮನುಷ್ಯ ಎಂದು ಕೊಂಡಾಡುತ್ತಿದ್ದರು. ಗೊರಕೆ ನಡುವೆ ಗಕ್ಕನೆ ನಿಂತು, ಸ್ವಲ್ಪ ಹೊತ್ತಾದ ಮೇಲೆ ನೀರಲ್ಲಿ ಮುಳುಗೆದ್ದವನ ಹಾಗೆ ಅವನು ಉಸಿರು ಎಳೆದಾಗ, ಕುಪ್ಪಸದ ಖಣ ಆರಿಸುತ್ತ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಸೆರಗಿನ ಮರೆಯಲ್ಲಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಒಂದು ದಿನ ನರಗುಂದದಲ್ಲಿ ಬೀಗರ ಮನೆಯ ಗೃಹಪ್ರವೇಶ ಮುಗಿಸಿಕೊಂಡು ನಾಲ್ವರೂ ವ್ಯಾನಿನಲ್ಲಿ ಮರಳುತ್ತಿದ್ದೆವು. ನಾನು ಗಾಡಿ ಹೊಡೆಯುತ್ತಿದ್ದೆ, ಅಣ್ಣ ಪಕ್ಕದಲ್ಲಿ, ಅಣ್ಣನ ಹೆಂಡತಿ ವೈನಿ ಮತ್ತು ನನ್ನ ಹೆಂಡತಿ ಹಿಂದೆ. ಹೋಳಿಗೆ ಉಂಡ ಹೊಟ್ಟೆ, ಮೂರು ಗಂಟೆಯ ಬಿಸಿಲು. ಬೆಳವಣಕಿ ಹತ್ತಿರ ನನ್ನ ಕಣ್ಣು ಮುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. ಗೊತ್ತಾದಾಗ ವ್ಯಾನು ರಸ್ತೆ ಬಿಟ್ಟು ಯಾರದೋ ಕಡಲೆ ಹೊಲದ ನಡುವೆ ನಿಂತಿತ್ತು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಹೊಲದವನೊಬ್ಬ ಮಾತ್ರ ನನ್ನ ಮನೆತನದ ಹೆಂಗಸರನ್ನೆಲ್ಲ ನೆನೆದು ಬೈದ. ಅವನ ಬೈಗುಳ ಮುಗಿಯುವ ಮೊದಲೇ ಅಣ್ಣ ಕೀಲಿ ಕಿತ್ತುಕೊಂಡಿದ್ದ.

"ಇನ್ನ ಮ್ಯಾಲೆ ಗಾಡಿ ನಾ ಹೊಡೀತೀನಿ" ಅಂದ. "ಹೆಣ್ಣುಮಕ್ಕಳನ್ನ ಕುಂದ್ರಿಸ್ಕೊಂಡು ನಿದ್ದಿ ಮಾಡೂದಂದ್ರ ಏನು? ನನ್ನ ನೋಡು, ಹೋಳಿಗಿ ನಾನೂ ಉಂಡೇನಿ."

ಅವನೂ ಉಂಡಿದ್ದ. ಉಂಡು, ನರಗುಂದ ದಾಟುವ ಮುಂಚೆಯೇ ಪಕ್ಕದ ಸೀಟಿನಲ್ಲಿ ಗೊರಕೆ ಹೊಡೆಯತೊಡಗಿದ್ದ. ಗಾಡಿ ಹೊಲಕ್ಕೆ ಇಳಿದ ಧಕ್ಕೆಗೇ ಅವನಿಗೆ ಎಚ್ಚರವಾಗಿದ್ದು. ಆದರೆ ತಪ್ಪು ಮಾಡಿದ ಬಾಯಿಯಿಂದ ಅದನ್ನೆಲ್ಲ ಹೇಗೆ ಎತ್ತಿ ಆಡುವುದು? ಕೀಲಿ ಅವನ ಜೇಬು ಸೇರಿತು. ಅಂದಿನಿಂದ ವಾರದ ಸುತ್ತಾಟಕ್ಕೂ ಅವನೇ ಡ್ರೈವರ್. ನಾನು ಪಕ್ಕದಲ್ಲಿ ಸೀರೆಯ ಗಂಟಿನ ಹಾಗೆ ಕೂತೆ. ಚಹಾ ಎಲ್ಲಿ ಕುಡಿಯಬೇಕು ಅನ್ನುವುದೂ ಅವನ ಕೈಗೆ ಹೋಯಿತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಹೆಂಡತಿ ಹಟ ಹಿಡಿದು ನನ್ನನ್ನು ಗದಗಿನ ಡಾಕ್ಟರರ ಹತ್ತಿರ ಕಳಿಸಿದಳು. ಒಂದು ರಾತ್ರಿ ಮೈತುಂಬ ವೈರು ಹಚ್ಚಿ ಮಲಗಿಸಿ ಪರೀಕ್ಷೆ ಮಾಡಿದರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ನನ್ನ ಉಸಿರು ಪದೇ ಪದೇ ನಿಲ್ಲುತ್ತದಂತೆ. ಅದಕ್ಕೇ ಹಗಲು ತೂಕಡಿಕೆಯಂತೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಗಾಳಿ ಒತ್ತುವ ಸಣ್ಣ ಮಷಿನು ಹಚ್ಚಿಕೊಂಡು ಮಲಗಬೇಕು. ಆ ಗಾಳಿ ಗಂಟಲನ್ನು ತೆರೆದಿಡುತ್ತದೆ. ಸಿಪ್ಯಾಪ್ ಅಂತ ಅದರ ಹೆಸರು. ಗಾಳಿಯ ಒತ್ತಡ ಒಬ್ಬೊಬ್ಬರಿಗೆ ಒಂದೊಂದು. ಕಡಿಮೆಯಾದರೆ ಗಂಟಲು ಮುಚ್ಚುತ್ತದೆ, ಹೆಚ್ಚಾದರೆ ನಿದ್ದೆಯೇ ಕೆಡುತ್ತದೆ. ನಿಮಗೆಷ್ಟು ಬೇಕು ಅನ್ನುವುದನ್ನು ಮಷಿನೇ ಒಂದು ವಾರ ನಿಮ್ಮ ಉಸಿರು ನೋಡಿ ಕಲಿಯುತ್ತದೆ, ಆಮೇಲೆ ಅಷ್ಟಕ್ಕೇ ಕಟ್ಟಿಬಿಡುತ್ತೇವೆ ಎಂದರು ಡಾಕ್ಟರು. ಅದು ಸರಿಹೋಗುವ ತನಕ ಗಾಡಿ ಮುಟ್ಟಕೂಡದು ಎಂದೂ ಕಟ್ಟುನಿಟ್ಟಾಗಿ ಹೇಳಿದರು. ನನಗೆ ಬೇಕಾದದ್ದು ಆ ಒಂದು ಅಂಕಿ. ಅಂಕಿ ಸಿಕ್ಕರೆ ನಿದ್ದೆ, ನಿದ್ದೆ ಸಿಕ್ಕರೆ ಕೀಲಿ.

ಮಷಿನು ಮನೆಗೆ ಬಂತು. ಬಂದ ವಸ್ತು ಹೊಸದು. ಇನ್ನು ಮುಂದಿನದನ್ನು ನಾನು ಹೇಳಬೇಕೆ? ವೈನಿ ಅದನ್ನು ದೇವರ ಜಗುಲಿಯ ಮುಂದಿಟ್ಟು, ವಿಭೂತಿ ಹಚ್ಚಿ, ಹೂ ಏರಿಸಿದರು. ಅಣ್ಣ ಕಾಯಿ ಒಡೆದ. ಕಾಯಿಯ ನೀರು ಮಷಿನಿನ ಮೇಲೆ ಸಿಡಿಯದಂತೆ ನನ್ನ ಹೆಂಡತಿ ಪುಣ್ಯಕ್ಕೆ ಸೆರಗು ಹಿಡಿದಳು. ಆಮೇಲೆ ಅಣ್ಣ ಮಾಸ್ಕನ್ನು ಕೈಗೆತ್ತಿಕೊಂಡು ಅಲ್ಲಾಡಿಸಿ ನೋಡಿ, ಮೊದಲು ತಾನು ಹಚ್ಚಿಕೊಂಡು ನೋಡುವುದಾಗಿ ಹೇಳಿದ. ಗಾಳಿಯ ವಿಷಯ, ಏನಾದರೂ ಹೆಚ್ಚುಕಡಿಮೆ ಆದರೆ ಹಿರಿಯನಾದವನು ತಾನು ಜವಾಬ್ದಾರಿ ಎಂದ. ಎಲ್ಲರೂ ಹೌದು ಹೌದು ಎಂದರು. ನಾನೂ ಹೌದು ಎಂದೆ. ರೊಟ್ಟಿ, ಸೈಕಲ್ಲು, ಕೋಟು ಹೋದ ದಾರಿಯಲ್ಲೇ ಮೂಗಿನ ಗಾಳಿಯೂ ಹೋಯಿತು. ಇದರಲ್ಲಿ ತಪ್ಪೇನಾದರೂ ಇದೆ ಎಂದು ನಮ್ಮ ಮನೆಯ ಒಬ್ಬ ನರಪಿಳ್ಳೆಗೂ ಹೊಳೆಯಲಿಲ್ಲ.

ಒಂದು ದಿನ ನೋಡಿ ಕೊಟ್ಟಾನು ಅಂದುಕೊಂಡಿದ್ದೆ. ಮರುದಿನ ಕೇಳಿದರೆ, ಇನ್ನೂ ಪೂರ್ತಿ ತಿಳಿದಿಲ್ಲ ಎಂದ. ಅದರ ಮರುದಿನ ಕೇಳಿದರೆ, ಅವಸರ ಮಾಡಬೇಡ, ಇಂಥ ವಸ್ತುವನ್ನು ಸಾವಕಾಶ ಪರೀಕ್ಷೆ ಮಾಡಬೇಕು ಎಂದ. ಆ ವಾರ ಅಂಗಡಿಯಲ್ಲಿ ಅವನು ಒಮ್ಮೆಯೂ ತೂಕಡಿಸಲಿಲ್ಲ. ಗಿರಾಕಿಗಳ ಜೊತೆ ಚೌಕಾಸಿಗೆ ಕೂತು, ನಾನು ದರದಲ್ಲಿ ಬಿಟ್ಟುಕೊಟ್ಟ ಸೋಡಿಯನ್ನೆಲ್ಲ ಲೆಕ್ಕ ಹಿಡಿದು ನನ್ನ ಮಾನ ಕಳೆದ. ಹೊಸ ವಸ್ತು ಸಿಕ್ಕ ಗತ್ತು ಅಂದುಕೊಂಡೆ. ಕೊನೆಗೆ ವಾರ ಮುಗಿಯುತ್ತ ಬಂದಾಗ, ಇದರಲ್ಲಿ ಏನೂ ಇಲ್ಲ, ನನಗಂತೂ ಏನೂ ಫರಕು ಆಗಲಿಲ್ಲ, ನಿನ್ನಂಥ ನಾಜೂಕಿನವರಿಗೆ ಇರಬೇಕು ಎಂದು ಮೂಗು ಮುರಿದು ನನ್ನ ಕೈಗೆ ಕೊಟ್ಟ. ಉಳಿದ ಒಂದೆರಡು ರಾತ್ರಿ ನಾನು ಹಚ್ಚಿಕೊಂಡೆ. ವಾರದ ಮೇಲೆ ಮಷಿನು ಕೊಟ್ಟವರು ಬಂದು, ಅದು ಕಲಿತದ್ದನ್ನು ಡಾಕ್ಟರರಿಗೆ ಕಳಿಸಿ, ಒತ್ತಡವನ್ನು ಹದಿನೈದಕ್ಕೆ ಕಟ್ಟಿ ಹೋದರು.

ಹದಿನೈದು! ಆ ಅಂಕಿ ಬಜಾರಕ್ಕೆ ಹೋಗಲು ಒಂದು ಮಧ್ಯಾಹ್ನ ಸಾಕಾಯಿತು. ರೋಣದಲ್ಲಿ ಕಾಳಿನ ವ್ಯಾಪಾರಿಯೊಬ್ಬರು ಆಗಲೇ ಇಂಥ ಮಷಿನು ಹಚ್ಚಿಕೊಳ್ಳುತ್ತಿದ್ದರು. ಅವರದು ಒಂಬತ್ತು ಎಂದು ತಿಳಿದಾಗ ನಮ್ಮ ಬಜಾರದವರಿಗೆ ಅವರ ಮೇಲೆ ಕನಿಕರ ಹುಟ್ಟಿತು. ಒಂಬತ್ತಂತೆ, ಪಾಪ, ಮೊದಲಿನಿಂದಲೂ ಕೈ ಹಿಡಿದು ಖರ್ಚು ಮಾಡುವ ಮನುಷ್ಯ. ಪಂಕ್ಚರ್ ಅಂಗಡಿಯವನು ತನ್ನ ಟೈರುಗಳ ಲೆಕ್ಕದಲ್ಲಿ ನನ್ನ ಹದಿನೈದನ್ನು ತೂಗಿ ನೋಡಿ, ಸೈಕಲ್ಲಿಗೂ ಸಾಲದು ಎಂದು ತಲೆ ಅಲ್ಲಾಡಿಸಿದ. ಅವನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅಣ್ಣನಂತೂ ಗಿರಾಕಿಗಳಿಗೆ ಸೀರೆಯ ಸೆರಗು ಬಿಚ್ಚಿ ತೋರಿಸುತ್ತ, ನಮ್ಮ ತಮ್ಮನದು ಹದಿನೈದು ಎಂದು ನಡುವೆ ಸೇರಿಸುತ್ತಿದ್ದ. ನಾನೂ ಒಳಗೊಳಗೇ ಮೀಸೆ ತಿರುವಿದೆ. ಆ ಮನೆಯಲ್ಲಿ ಹುಟ್ಟಿದಂದಿನಿಂದ ನನ್ನದೆಂದು ಒಂದು ದೊಡ್ಡ ಅಂಕಿ ಯಾವತ್ತು ಬಂದಿತ್ತು?

ಆದರೆ ಆ ಹದಿನೈದನ್ನು ಮೂಗಿಗೆ ಕಟ್ಟಿಕೊಂಡು ಮಲಗಿದವನ ಗತಿ ಏನೆಂದು ನನ್ನನ್ನು ಕೇಳಿ. ರಾಶಿ ಮಾಡುವಾಗ ಗಾಳಿಗೆ ಎದುರಾಗಿ ಬಾಯಿ ತೆರೆದು ನಿಂತ ಹಾಗೆ. ಉಸಿರು ಒಳಗೆ ತಾನೇ ನುಗ್ಗುತ್ತದೆ, ಹೊರಗೆ ಬಿಡಲು ಕುಸ್ತಿ ಹಿಡಿಯಬೇಕು. ಮಾಸ್ಕಿನ ಸಂದಿಯಿಂದ ಗಾಳಿ ಸೋರಿ ಕಣ್ಣಿಗೆ ಬಡಿದು, ಬೆಳಿಗ್ಗೆ ಕಣ್ಣು ಕೆಂಡದಂತೆ ಕೆಂಪು. ಗಾಳಿ ನುಂಗಿ ನುಂಗಿ ಹೊಟ್ಟೆ ಉಬ್ಬಿ, ಗಿರಾಕಿಗಳ ಮುಂದೆ ತೇಗು ತಡೆಯುವುದೇ ದಿನದ ಕೆಲಸವಾಯಿತು. ಸೀರೆ ತೋರಿಸುತ್ತ ನಡುವೆ ಒಂದು ತೇಗು ಹೊರಟರೆ ವ್ಯಾಪಾರ ಅಲ್ಲಿಗೇ ಮುಗಿಯಿತು. ನಿದ್ದೆಯಂತೂ ಮೊದಲಿದ್ದದ್ದೂ ಹೋಯಿತು. ನನ್ನ ಹಗಲಿನ ತೂಕಡಿಕೆ ಕಂಡ ಅಣ್ಣ, ಮಷಿನು ಹಚ್ಚಿಕೊಂಡರೂ ಇವನ ಹಣೆಬರಹ ಇಷ್ಟೇ ಎಂದು ಕೀಲಿಯನ್ನು ಇನ್ನೂ ಒಳಗಿನ ಜೇಬಿಗೆ ಇಳಿಸಿದ.

ಸಲಹೆಗೇನು ಬರವೆ? ಒಬ್ಬರು ಹೊಟ್ಟೆಗೆ ಇಂಗು ಹಚ್ಚು ಎಂದರು. ಒಬ್ಬರು ಫ್ಯಾನಿನ ರೆಗ್ಯುಲೇಟರಿನಂತೆ ದಿನಕ್ಕಿಷ್ಟು ಏರಿಸುತ್ತ ಹೋಗು, ಮೈ ಒಗ್ಗುತ್ತದೆ ಎಂದರು. ಕಡಿಮೆ ಮಾಡಿಸಿಕೊಂಡು ಬರುತ್ತೇನೆ ಎಂದು ನಾನು ಅಂದಾಗ ಅಣ್ಣನಿಗೆ ಸಿಟ್ಟೇ ಬಂತು. ಬಜಾರಕ್ಕೆಲ್ಲ ಹದಿನೈದು ಎಂದು ಹೇಳಿಯಾಗಿದೆ, ಈಗ ಇಳಿಸಿದರೆ ಮಂದಿ ಏನಂದಾರು? ತಾಳಿಕೋ ಎಂದ. ಒಂದು ತಿಂಗಳು ತಾಳಿಕೊಂಡೆ. ನನ್ನ ಬುದ್ಧಿಗೆ ಏನನ್ನಬೇಕು!

ಕೊನೆಗೆ ತಾಳಲಾರದೆ ಡಾಕ್ಟರರಿಗೆ ಫೋನು ಮಾಡಿದೆ. ಅವರು ಮಷಿನನ್ನು ಮತ್ತೆ ಕಲಿಯುವುದಕ್ಕೆ ಹಚ್ಚಿಸಿ, ಇನ್ನೊಂದು ವಾರ ನೋಡೋಣ ಎಂದರು. ಈ ಸಲ ಅಣ್ಣ ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಯಾಕೆ ನೋಡಬೇಕು? ಮಷಿನು ಈಗ ಹೊಸದಲ್ಲ. ಹಳೆಯದಾದ ಮೇಲೆ ಅದು ಪೂರ್ತಿ ನನ್ನದು, ಮನೆಯ ಎಲ್ಲದರ ಹಾಗೆ. ಆ ವಾರ ಗಾಳಿ ಮೆತ್ತಗೆ ಬಂತು. ಮೊದಲೆರಡು ದಿನ ನಂಬಲಾಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಉಂಡು ಗಾದಿಯ ಮೇಲೆ ಕೂತವನು ಎದ್ದು ಸೀರೆ ಮಡಚುತ್ತಿದ್ದೆ. ಕಣ್ಣು ಎಳೆಯಲಿಲ್ಲ. ಸಂತೋಷಕ್ಕೆ ಅಂಗಡಿಯ ಸೀರೆಯನ್ನೆಲ್ಲ ಬಿಚ್ಚಿ ಮತ್ತೊಮ್ಮೆ ಮಡಚಿದೆ.

ಗದಗಿಗೆ ಹೋದೆವು. ವ್ಯಾನು ಅಣ್ಣನೇ ಹೊಡೆದ. ವೈನಿಗೆ ಕನ್ನಡಕ ಮಾಡಿಸುವುದಿತ್ತು, ಅವರೂ ಬಂದರು. ಅಣ್ಣ ದವಾಖಾನೆಯ ಹೊರಗೆ ನೆರಳಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತ, ನಾನೊಬ್ಬನೇ ಒಳಗೆ ಹೋದೆ. ಡಾಕ್ಟರು ಹೊಸ ಅಂಕಿ ನೋಡಿ, ನಿಮಗೆ ಎಂಟು ಸಾಕು ಎಂದರು. ಎಂಟು! ರೋಣದ ಒಂಬತ್ತಕ್ಕಿಂತಲೂ ಕೆಳಗೆ! ನನ್ನ ಮುಖ ಇಳಿದದ್ದು ಕಂಡು ಅವರಿಗೆ ಆಶ್ಚರ್ಯವಾಗಿರಬೇಕು. ಆಮೇಲೆ ಅವರು ಮಷಿನು ಮೊದಲ ವಾರ ಬರೆದಿಟ್ಟ ಉಸಿರಿನ ಗೆರೆಗಳನ್ನು ತೆಗೆದು ನೋಡುತ್ತ, ಆ ಮಷಿನನ್ನು ನೀವೊಬ್ಬರೇ ಹಚ್ಚಿಕೊಂಡಿದ್ದಿರೇನು ಎಂದು ಕೇಳಿದರು. ಇಲ್ಲ, ಮೊದಲು ಅಣ್ಣ ಹಚ್ಚಿಕೊಂಡಿದ್ದ, ಅವನು ಹಿರಿಯನಲ್ಲವೆ ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಹಿರಿಯರಿಗೂ ಮಷಿನಿಗೂ ಏನು ಸಂಬಂಧ ಎಂದು ಕೇಳುವಂತಿತ್ತು ಅವರ ಮುಖ.

ಅವರು ಕೇಳಿದ್ದು ಬೇರೆ. ಆ ಹದಿನೈದು ನಿಮ್ಮ ಅಣ್ಣನ ಉಸಿರು ನೋಡಿ ಕಲಿತದ್ದು, ಇಷ್ಟು ಒತ್ತಡ ಬೇಡುವ ಗಂಟಲು ನಿಮ್ಮದಕ್ಕಿಂತ ಬಹಳ ಕೆಟ್ಟ ಸ್ಥಿತಿಯಲ್ಲಿದೆ, ಬೇಗ ಕರೆದುಕೊಂಡು ಬನ್ನಿ, ಅಲ್ಲಿಯ ತನಕ ಅವರು ಗಾಡಿ ಓಡಿಸಕೂಡದು, ಅವರು ಗಾಡಿ ಓಡಿಸುತ್ತಾರೇನು ಎಂದರು. ನಾನು ಕಿಟಕಿಯ ಕಡೆ ನೋಡಿದೆ. ಕೆಳಗೆ ವ್ಯಾನಿನ ಡ್ರೈವರ್ ಸೀಟಿನಲ್ಲಿ ಅಣ್ಣ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು ಮಲಗಿದ್ದ.

ಹೊರಗೆ ಬಂದು ಅವನನ್ನು ಎಬ್ಬಿಸಿ ವಿಷಯ ಹೇಳಿದೆ. ಆ ಹದಿನೈದು ನನ್ನದಲ್ಲ, ನಿನ್ನದು ಎಂದೆ. ಪುಣ್ಯಾತ್ಮನ ಮುಖ ಅರಳಿತು!

"ಮತ್ತ? ನಿನ್ನ ಮೂಗಿಗೆ ಹದಿನೈದು ಹ್ಯಾಂಗ ಬರತದ ಅಂತ ನನಗ ಆವಾಗ್ಲೇ ಸಂಶಯ ಇತ್ತು" ಅಂದ.

ಗಾಡಿ ಹೊಡೆಯಬಾರದಂತೆ ಎಂದೆ. ಡಾಕ್ಟರು ನಿನಗಷ್ಟೇ ಹೇಳಿದ್ದು, ನನ್ನನ್ನು ಅವರು ನೋಡಿಯೇ ಇಲ್ಲ ಎಂದ. ಕೂಡು ಎಂದ. ಕೂಡಬಾರದಿತ್ತು. ಎಂಟು ಸಾಕೆಂದು ಡಾಕ್ಟರ ಬಾಯಿಂದ ಕೇಳಿಕೊಂಡು ಬಂದಿದ್ದೆ, ಚೆನ್ನಾಗಿ ನಿದ್ದೆ ಮಾಡಿ ಎದ್ದವನು ಅಲ್ಲಿ ನಾನೊಬ್ಬನೇ ಇದ್ದೆ. ಆದರೂ ಅಣ್ಣ ಕೂಡು ಎಂದರೆ ಕೂತು ರೂಢಿ. ಕನ್ನಡಕ ತೆಗೆದುಕೊಂಡು ಬಂದ ವೈನಿ ಹಿಂದೆ ಹತ್ತಿದರು. ಡಾಕ್ಟರು ಏನೆಂದರು ಎಂದು ಅವರು ಕೇಳಿದಾಗ ನಾನು ಎಲ್ಲವನ್ನೂ ಹೇಳಿದೆ.

ರೋಣ ಇನ್ನೂ ದೂರವಿತ್ತು. ಅಣ್ಣ ತನ್ನ ಹದಿನೈದರ ಬಗ್ಗೆ ಬಜಾರದಲ್ಲಿ ಹೇಗೆ ಹೇಳಬೇಕು ಎಂದು ಮಾತಾಡುತ್ತಿದ್ದವನು ಮಾತು ನಿಧಾನ ಮಾಡಿದ. ಒಂದು ಶಬ್ದಕ್ಕೂ ಇನ್ನೊಂದಕ್ಕೂ ನಡುವೆ ಸಂದು ಬೀಳತೊಡಗಿತು. ನಾನು ತಿರುಗಿ ನೋಡಿದೆ. ಕಣ್ಣು ಅರ್ಧ ತೆರೆದಿತ್ತು, ಒಳಗೆ ಅವನಿರಲಿಲ್ಲ. ಎದುರಿಗೆ ಕೂಲಿಗೆ ಹೋದ ಹೆಂಗಸರನ್ನು ತುಂಬಿಕೊಂಡ ಟಂಟಂ ಆಟೋ ಬರುತ್ತಿತ್ತು, ನಮ್ಮ ಗಾಡಿ ಮೆಲ್ಲಗೆ ಅದರ ಕಡೆಗೆ ಸರಿಯುತ್ತಿತ್ತು. ನಾನು ಸ್ಟೇರಿಂಗಿಗೆ ಕೈ ಹಾಕಿ ಎಳೆದೆ. ಟಂಟಂ ಸಿಳ್ಳೆಯಂತೆ ಹಾರ್ನು ಬಾರಿಸುತ್ತ ಪಕ್ಕದಿಂದ ಹಾದುಹೋಯಿತು. ನಮ್ಮ ವ್ಯಾನು ರಸ್ತೆಯ ಅಂಚಿನ ಮಣ್ಣಿಗೆ ಇಳಿದು ನಿಂತಿತು. ಕೀಲಿ ತಿರುವಿ ಕಿತ್ತೆ. ಅವನು ಕೊಡುವ ಮೊದಲು ನಾನೇ ತೆಗೆದುಕೊಂಡದ್ದು ನನ್ನ ಜನ್ಮದಲ್ಲಿ ಅದೊಂದೇ. ಅದರಿಂದ ಯಾವ ಖುಷಿಯೂ ಆಗಲಿಲ್ಲ.

"ನಾ ಎಚ್ಚರ ಇದ್ದೆ" ಅಂದ ಅಣ್ಣ.

ಹಿಂದಿನಿಂದ ವೈನಿ ಮಾತಾಡಿದರು. ದನಿ ಏರಿಸಲಿಲ್ಲ.

"ಎಚ್ಚರ ಇದ್ದೋರ ಉಸುರು ಹಿಂಗ ನಿಂದ್ರೂದಿಲ್ರಿ. ಆ ಮಷಿನ್ನು ನಿಮ್ಮ ಮೂಗಿಗೆ ಇತ್ತಲ್ಲ, ಆ ವಾರ ನಾ ನಿದ್ದಿ ಮಾಡೇನಿ. ಮದಿವಿ ಆದ ಮ್ಯಾಲೆ ನಿದ್ದಿ ಮಾಡಿದ್ದು ಅದೊಂದ ವಾರ."

ನಾನು ಅವರ ಕಡೆ ತಿರುಗಿ, ಇದನ್ನು ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ. ನನ್ನ ಒಂದು ತಿಂಗಳ ತೇಗು, ಕೆಂಪು ಕಣ್ಣು ಎಲ್ಲ ಆ ಸಿಟ್ಟಿನಲ್ಲಿದ್ದವು.

"ಯಾರಿಗೆ ಹೇಳ್ಲಿ? ಮನಿಯಾಗ ಮೊದಲ ಮಾತು ಅವರದು. ಆಮ್ಯಾಲೆ ನಿಂದು. ನಿಮ್ಮಿಬ್ಬರದು ಮುಗದು ನನ್ನ ಪಾಳಿ ಬರೂದು ಯಾವಾಗ?"

ಅಣ್ಣನಿಗೆ ಆಗಲೂ ಸೋಲಲು ಮನಸ್ಸಿರಲಿಲ್ಲ. ನನಗೂ ಒಂದು ಮಷಿನು ತರಿಸೋಣ, ಆದರೆ ನೀನು ಚಿಕ್ಕವನು, ನಿನ್ನದು ಪೂರ್ತಿ ಗುಣವಾಗಲಿ, ಮೊದಲು ನೀನು ಎಂದ. ಮೊದಲು ನೀನು! ಈ ಮಾತು ಕೇಳಲು ರೊಟ್ಟಿಗೆ ಕಾದೆ, ಸೈಕಲ್ಲಿಗೆ ಕಾದೆ, ಕೋಟಿಗೆ ಕಾದೆ. ಕೊನೆಗೆ ರೋಗ ಒಪ್ಪಿಕೊಳ್ಳುವ ಪಾಳಿ ಬಂದಾಗ ಅವನು ನನ್ನನ್ನು ಮುಂದೆ ಮಾಡಿದ. ಅವನ ಮೇಲೆ ಉರಿದು ಬೀಳಬೇಕು ಅನಿಸಿತು. ಆದರೆ ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಇವನು ಸತ್ತೇ ಹೋಗುತ್ತಿದ್ದ, ನಮ್ಮನ್ನೂ ಆ ಟಂಟಂನ ಹೆಂಗಸರನ್ನೂ ಕರೆದುಕೊಂಡು ಹೋಗುತ್ತಿದ್ದ ಎಂದು ಆಗ ಮೈಗೆ ತಟ್ಟಿತು. ನಾಳೆಯೇ ಡಾಕ್ಟರ ಹತ್ತಿರ ಹೋಗುವುದು, ಮಾತಿಲ್ಲ ಎಂದೆ.

ಇಷ್ಟಾದ ಮೇಲೆ ವ್ಯಾನು ಹೊಡೆಯಲು ನನಗೂ ಧೈರ್ಯ ಸಾಲಲಿಲ್ಲ. ದಾರಿಯ ಮಂದಿಯಿಂದ ಅದನ್ನು ಹತ್ತಿರದ ಊರಿನ ಗಿರಣಿಯ ತನಕ ತಳ್ಳಿಸಿ ನಿಲ್ಲಿಸಿ, ರೋಣದ ಬಸ್ಸು ಹತ್ತಿದೆವು. ವೈನಿ ಕಿಟಕಿಯ ಪಕ್ಕ ಕೂತರು, ಅವರ ಪಕ್ಕ ಅಣ್ಣ, ಹಿಂದಿನ ಸೀಟಿನಲ್ಲಿ ನಾನು. ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಅಣ್ಣನ ತಲೆ ಅವರ ಭುಜಕ್ಕೆ ವಾಲಿತು. ಗೊರಕೆ ಎದ್ದಿತು. ಕಂಡಕ್ಟರು ತಿರುಗಿ ನೋಡಿ ನಕ್ಕ. ಗೊರಕೆ ನಿಂತಿತು. ಉಸಿರೂ ನಿಂತಿತು. ನಾನು ಸೀಟಿನ ಸರಳು ಹಿಡಿದು ಎದ್ದೇಬಿಟ್ಟೆ. ಅಷ್ಟರಲ್ಲಿ ವೈನಿಯ ಮೊಣಕೈ ಅವನ ಪಕ್ಕೆಗೆ ಮೆಲ್ಲಗೆ ತಿವಿಯಿತು. ಅವನು ಉಸಿರು ಎಳೆದ. ಅವರು ಹೊಲಗಳನ್ನು ನೋಡುತ್ತಲೇ ಇದ್ದರು, ಮುಖ ಸಹ ತಿರುಗಿಸಲಿಲ್ಲ. ಸ್ವಲ್ಪ ಹೊತ್ತಿಗೆ ಉಸಿರು ಮತ್ತೆ ನಿಂತಿತು, ಮೊಣಕೈ ಮತ್ತೆ ತಿವಿಯಿತು. ಅದು ಎಂದಿನ ಕೆಲಸ ಮಾಡುವ ಕೈಯ ಹಾಗೆ ತನ್ನ ಪಾಡಿಗೆ ತಾನು ನಡೆದಿತ್ತು.

ನಾನು ಬಾಗಿ ನೋಡುತ್ತಿದ್ದದ್ದು ಅವರಿಗೆ ತಿಳಿಯಿತು. ಹೊಸ ಕನ್ನಡಕ ಸರಿಪಡಿಸಿಕೊಂಡು, ಹೊರಗೆ ನೋಡುತ್ತಲೇ ಹೇಳಿದರು.

"ತಮ್ಮಾ, ನಿನ್ನ ಹೇಣ್ತಿನೂ ಹಿಂಗ ಮಾಡ್ತಿದ್ದಳು. ಮನಿಗೆ ಹ್ವಾದ ಮ್ಯಾಲೆ ಆಕಿನ್ನ ಕೇಳು."